ಅವ್ವನ ಸೂಜಿ, ನನ್ನ ಟಿಕ್ಕು

ವೆಬ್ ಆ್ಯಪ್ ಬರೆಯುವುದು ನನ್ನ ಹೊಟ್ಟೆಪಾಡು. ಬಸವನ ಬಾಗೇವಾಡಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕೂತೇ ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಹೊಸಬರಿಗೆ ಪಾಠ ಹೇಳುವಷ್ಟು ಸೊಕ್ಕೂ ಇತ್ತು. ಆ ಸೊಕ್ಕು ನನ್ನ ಹೆತ್ತವಳ ಜೀವವನ್ನೇ ತೆಗೆದುಬಿಡುತ್ತಿತ್ತು.

ಅವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಮುಂಜಾನೆ ನಾಷ್ಟಾಕ್ಕೆ ಮುಂಚೆ ಒಂದು ಇನ್ಸುಲಿನ್ ಸೂಜಿ ಆಗಬೇಕು, ಒಂದೇ. ಆಕೆ ಒಂದು ತಿಂಗಳು ಸಿಂದಗಿಯ ಅಣ್ಣನ ಮನೆಯಲ್ಲಿ, ಒಂದು ತಿಂಗಳು ಮುದ್ದೇಬಿಹಾಳದ ತಂಗಿಯ ಮನೆಯಲ್ಲಿ, ಒಂದು ತಿಂಗಳು ನನ್ನ ಹತ್ತಿರ ಇರುತ್ತಾಳೆ. ಒಂದೇ ಕಡೆ ಕೂತರೆ ಆಕೆಗೇ ಬೇಜಾರು. ಗಡಿಬಿಡಿಯಲ್ಲಿ ಸೂಜಿ ಕೊಟ್ಟೆನೋ ಇಲ್ಲವೋ ಎಂದು ನಾವೇ ಮರೆಯುತ್ತಿದ್ದೆವಲ್ಲ, ಅದಕ್ಕೆ ಒಂದು ಪುಟ್ಟ ಆ್ಯಪ್ ಮಾಡಿ ಮೂರೂ ಮನೆಗೆ ಕಳಿಸಿದೆ. ದಿನಕ್ಕೊಂದು ಸಾಲು, ಸಾಲಿನ ಪಕ್ಕ ಒಂದು ಚೌಕ. ಸೂಜಿ ಕೊಟ್ಟವರು ಅದರಲ್ಲಿ ಟಿಕ್ ಮಾಡಬೇಕು.

ಆ ಚೌಕವನ್ನು ಎರಡು ರೀತಿ ಬರೆಯಬಹುದಿತ್ತು. ಸ್ಟೇಟ್‌ಫುಲ್ ಕಾಂಪೊನೆಂಟ್ ಆದರೆ ಟಿಕ್ ಬಿದ್ದದ್ದನ್ನು ಚೌಕ ತನ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಸ್ಟೇಟ್‌ಲೆಸ್ ಆದರೆ ಅದಕ್ಕೆ ಸ್ವಂತ ನೆನಪಿಲ್ಲ. ಮೇಲಿನಿಂದ ಹೇಳಿದ್ದನ್ನಷ್ಟೇ ತೋರಿಸುತ್ತದೆ. ಆ ನೆನಪನ್ನು ಸರ್ವರಿನಲ್ಲಿ ಒಂದೇ ಕಡೆ ಇಟ್ಟರೆ ಎಲ್ಲ ಫೋನಿನಲ್ಲೂ ಒಂದೇ ಉತ್ತರ. ಅದಕ್ಕೆ ಕೆಲಸ ಜಾಸ್ತಿ. ಮನೆಮಂದಿಗೆ ಮಾಡುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಮೊದಲನೆಯದನ್ನೇ ಬರೆದೆ. ಟಿಕ್ ಆಯಾ ಫೋನಿನಲ್ಲೇ ಉಳಿಯುತ್ತಿತ್ತು. ಅವ್ವ ಇದ್ದ ಮನೆಯವರು ಮಾತ್ರ ಆ್ಯಪ್ ತೆರೆಯುತ್ತಿದ್ದುದರಿಂದ ತಿಂಗಳುಗಟ್ಟಲೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಅಣ್ಣನ ಮಗಳ ಕುಬಸಕ್ಕೆ ಎಲ್ಲರೂ ಸಿಂದಗಿಯಲ್ಲಿ ಸೇರಿದ್ದೆವು. ಚೊಚ್ಚಲ ಬಸುರಿ, ಮನೆ ತುಂಬ ಹೆಂಗಸರು, ಹಸಿರು ಬಳೆಯ ಸದ್ದು. ನಾನು ಆ ಹುಡುಗಿಗೆ ಮಲ್ಲಿಗೆ ಮುಡಿಸುತ್ತಿದ್ದೆ. ತಿರುಗಿ ನೋಡಿದರೆ ಗೋಡೆಗೆ ಒರಗಿ ಕೂತ ಅವ್ವನ ಮುಖ ಬೆವರಿನಲ್ಲಿ ತೊಯ್ದುಹೋಗಿದೆ, ಕೈಗಳು ಗಡಗಡ ನಡುಗುತ್ತಿವೆ, ಕರೆದರೆ ಮಾತು ತೊದಲುತ್ತಿದೆ.

"ಸೂಜಿ ಆಗಿಲ್ಲೇನು ಅವ್ವಂದು?" ಎಂದು ಕೂಗಿದೆ.

ಅಡುಗೆಮನೆಯಿಂದ ಹೋಳಿಗೆ ಕೈಯಲ್ಲೇ ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿ ಬಂದರು. "ನಾ ಆಗಳೇ ಕೊಟ್ಟೇನಿ. ಟಿಕ್ ಸುದ್ದಾ ಮಾಡೇನಿ."

ನನ್ನ ತಂಗಿಯ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯ ವೈನಿ! ನನ್ ಫೋನ್‌ದಾಗ ಖಾಲಿ ಇತ್ರಿ. ಗದ್ದಲದಾಗ ಮರತಾರ ಅಂತ ನಾನೂ ಕೊಟ್ಟಬಿಟ್ಟೇನ್ರಿ!"

ಎರಡು ಸೂಜಿ! ಅದೂ ಇನ್ನೂ ನಾಷ್ಟಾ ಆಗದ ಖಾಲಿ ಹೊಟ್ಟೆಗೆ! ಬೆಲ್ಲದ ನೀರು ಕುಡಿಸಿದೆವು. ಅರ್ಧ ಒಳಗೆ, ಅರ್ಧ ಸೆರಗಿನ ಮೇಲೆ. ಅಣ್ಣ ಆಟೋ ತಂದ. ದವಾಖಾನೆಯಲ್ಲಿ ಗ್ಲೂಕೋಸ್ ಹಚ್ಚಿದ ಡಾಕ್ಟರು, "ಇನ್ನೊಂದ್ ಸ್ವಲ್ಪ ತಡಾ ಮಾಡಿದ್ರ ನನ್ ಕೈಯಾಗ ಏನೂ ಇರ್ತಿರಲಿಲ್ರಿ" ಅಂದರು. ವೈನಿಯ ಫೋನು, ತಂಗಿಯ ಫೋನು ತೆಗೆದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ.

ನನ್ನದನ್ನೂ ಸೇರಿಸಿ ಮೂರು ಫೋನು ಸಾಲಾಗಿ ಇಟ್ಟು ನೋಡಿದೆ. ವೈನಿಯ ಫೋನಿನಲ್ಲಿ ಟಿಕ್. ತಂಗಿಯ ಫೋನಿನಲ್ಲಿ ಟಿಕ್. ನನ್ನದರಲ್ಲಿ ಚೌಕ ಖಾಲಿ. ಕೂಗಿ ಕೇಳುವ ಬದಲು ನಾನೂ ಫೋನ್ ನೋಡಿದ್ದರೆ ಮೂರನೆಯ ಸೂಜಿಯನ್ನೂ ಕೊಟ್ಟುಬಿಡುತ್ತಿದ್ದೆ!

"ಅವ್ವನ ಜೀವಾ ತಗೀತಿದ್ನೆಲ್ಲ ಯಕ್ಕಾ" ಎಂದು ತಂಗಿ ಬಿಕ್ಕುತ್ತಿದ್ದಳು.

"ನೀ ಅಲ್ಲ, ನಾ" ಅಂದೆ. ಆಕೆಗೆ ಅರ್ಥವಾಗಲಿಲ್ಲ. ಅಲ್ಲೇ ಕೂತು ಮೂರೂ ಫೋನಿನಿಂದ ಆ ಆ್ಯಪನ್ನು ಕಿತ್ತುಹಾಕಿದೆ. ಮರುದಿನವೇ ಹೊಸದಾಗಿ ಬರೆದೆ. ಈಗ ಚೌಕಕ್ಕೆ ಸ್ವಂತ ನೆನಪಿಲ್ಲ, ಎಲ್ಲರ ಟಿಕ್ಕೂ ಒಂದೇ ಕಡೆ.

ಇಷ್ಟಕ್ಕೇ ಮುಗಿದಿದ್ದರೆ ಬರೀ ಕಸುಬಿನ ತಪ್ಪು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ಅಂದು ಮಧ್ಯಾಹ್ನ ದವಾಖಾನೆಯಲ್ಲಿ ಅವ್ವ ಪೂರ್ತಿ ಎಚ್ಚರಾದ ಮೇಲೆ, ಕೇಳಬಾರದ್ದನ್ನು ಕೇಳಿದೆ, ಅದೂ ಸಿಟ್ಟಿನಲ್ಲಿ.

"ಯವ್ವಾ, ತಂಗಿ ಸೂಜಿ ಹಿಡದ್ ಬಂದಾಗ, ಒಮ್ಮೆ ಆಗೇತಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತ ಬೇ?"

ಅವ್ವ ಸಿಟ್ಟಾಗಲಿಲ್ಲ. ಕೈಗೆ ಹಚ್ಚಿದ ನಳಿಗೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಹ್ವಾದ ತಿಂಗಳ ನಿನ್ ಮನ್ಯಾಗ ಹಂಗ ಹೇಳಿದ್ನೆಲ್ಲವಾ. 'ಅದು ನಿನ್ನಿ ಕೊಟ್ಟದ್ದು, ನಿನಗ ಅರಳುಮರಳು ಆಗೇತಿ, ಸುಮ್ನ ಕುಂದರು, ಫೋನಿಗೆ ಎಲ್ಲಾ ಗೊತ್ತೈತಿ' ಅಂದಿ. ಇವತ್ತ ಅಕಿನೂ ಫೋನ್ ನೋಡೇ ಬಂದ್ಲು. ಮೊದಲನೇದು ನಿನ್ನೀದ ಇರಬೇಕು, ನನಗ ಖರೇನ ಅರಳುಮರಳು ಆಗೇತಿ ಅಂತ ತಿಳಕೊಂಡು ತೋಳು ಚಾಚಿದೆ."