ಭಾವನ ಫ್ಯಾನು

ಹಳೇ ಕಾರಿಗೆ ಲಾರಿಯಷ್ಟು ದೊಡ್ಡ ಎಂಜಿನ್ ತುರುಕಿ, ಬಾನೆಟ್ ಕಿತ್ತೆಸೆದು, ಅದನ್ನು ರೇಸ್ ಕಾರು ಎಂದು ಕರೆಯುವವರು ನಮ್ಮ ಭಾವ. ರೇಡಿಯೇಟರಿನ ಫ್ಯಾನನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಇವರು ಅದನ್ನು ರೇಡಿಯೇಟರಿನ ತೆಳು ತಗಡುಗಳ ನಡುವೆಯೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಗಿಯುತ್ತಾರೆ. ಅಲುಗಾಟಕ್ಕೆ ರೇಡಿಯೇಟರಿನ ನೀರಿನ ಕೊಳವೆ ಸವೆದು ತೂತಾಗುತ್ತದೆ ಎಂದು ನಾನು ಹೇಳಿದರೆ, "ನೀನು ಪುಸ್ತಕದ ಹುಳ ಕಣಯ್ಯ, ಸುಮ್ನಿರು" ಎನ್ನುತ್ತಾರೆ. ಪ್ರತಿ ಸಿಗ್ನಲಿನಲ್ಲೂ ಕಾರು ಹಬೆ ಉಗುಳುತ್ತದೆ. "ಎಂಜಿನ್ ಪವರು ನೋಡು" ಎಂದು ಭಾವ ಬೀಗುತ್ತಾರೆ. ರೇಡಿಯೇಟರಿಗೆ ಸುರಿಯಲು ನೀರಿನ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡೇ ಅಕ್ಕ ಹತ್ತುತ್ತಾಳೆ. ದಿನ ತುಂಬಿದ ಮೇಲೆ ಆಸ್ಪತ್ರೆಗೂ ಇದರಲ್ಲೇ ಹೋಗೋಣ ಎಂದು ಭಾವ ಬಸುರಿ ಅಕ್ಕನಿಗೆ ಹೇಳಿದಾಗ ಅವಳು, "ರೀ, ಈಗ ಮಡಿಲಲ್ಲಿ ಕ್ಯಾನಿಗೆ ಜಾಗ ಇಲ್ಲ" ಎಂದಳು. ಮರುದಿನ ಶೆಡ್ಡಿನಲ್ಲಿ ಭಾವ ಪಟ್ಟಿಗಳನ್ನೆಲ್ಲ ಕತ್ತರಿಸಿ ಹಾಕಿ, ನನ್ನ ಮುಖ ನೋಡದೆ ಕೇಳಿದರು: "ಬೋಲ್ಟ್ ಎಲ್ಲಿಗೆ ಹಾಕ್ಬೇಕು ಅಂದಿದ್ದೆ?"