ಹೊಸ ಮಿಸ್‌ಗೆ ಹೇಳಬೇಕಾದ ಮಾತು

ಆ ಖಾಸಗಿ ಶಾಲೆಯಲ್ಲಿ ಬೆಲ್ ಹೊಡೆಯುವ ಆಯಾಗೆ ಮಕ್ಕಳಿಟ್ಟ ಹೆಸರು ಗಂಟೆಯಜ್ಜಿ. ಹತ್ತೊಂಬತ್ತು ವರ್ಷದ ನೌಕರಿ. ಅಷ್ಟರಲ್ಲಿ ಎಷ್ಟು ಟೀಚರುಗಳು ಬಂದುಹೋದರೋ! ಕೆಲವರಂತೂ ಕೂತ ಕುರ್ಚಿ ಬಿಸಿಯಾಗುವ ಮೊದಲೇ ಎದ್ದುಹೋದರು. ಇನ್ನೊಂದು ಶಾಲೆ ಹೆಚ್ಚು ಸಂಬಳಕ್ಕೆ ಕರೆದರೆ ಯಾರು ತಾನೇ ನಿಲ್ಲುತ್ತಾರೆ? ತಪ್ಪೆಂದು ನಾನು ಹೇಳಲಾರೆ. ಆದರೆ ಹೋಗುವವರು ಕಪಾಟಿನ ಬೀಗದ ಕೈ ಒಪ್ಪಿಸಿ ಹೋಗುತ್ತಿದ್ದರೇ ಹೊರತು ಮಕ್ಕಳ ವಿಷಯ ಯಾರಿಗೂ ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಸಿಟ್ಟು.

ಆ ಕೆಲಸವನ್ನು ಅಜ್ಜಿ ಮೈಮೇಲೆ ಎಳೆದುಕೊಂಡಿದ್ದಳು. ಹೊಸ ಮಿಸ್ ಬಂದ ದಿನ ನೀರಿನ ಲೋಟ ಹಿಡಿದು ಸ್ಟಾಫ್ ರೂಮಿಗೆ ಹೋಗಿ ಮೆಲ್ಲಗೆ ಶುರು ಮಾಡುವಳು:

"ಐದನೇ ಕ್ಲಾಸಲ್ಲಿ ಮೂರನೇ ಬೆಂಚಿನ ಹುಡುಗಿ ಉಗ್ಗುತ್ತಾಳಮ್ಮ. ಎಬ್ಬಿಸಿ ನಿಲ್ಲಿಸಿ ಓದಿಸ್ಬೇಡಿ. ಪಕ್ಕದಲ್ಲಿ ಕೂರಿಸ್ಕೊಂಡ್ರೆ ಚೆನ್ನಾಗಿ ಓದ್ತಾಳೆ."

ಕೆಲವರು ಕೇಳಿಸಿಕೊಳ್ಳುವರು. ಕೆಲವರು, ಬೆಲ್ ಹೊಡೆಯುವವಳಿಗೆ ಯಾಕೆ ಈ ಅಧಿಕಪ್ರಸಂಗ ಎಂಬಂತೆ ನೋಡುವರು. ಅಜ್ಜಿ ಯಾರನ್ನೂ ಹಚ್ಚಿಕೊಳ್ಳುತ್ತಿರಲಿಲ್ಲ. ಹಚ್ಚಿಕೊಂಡು, ಅವರು ಹೋದ ಮೇಲೆ ಅತ್ತು ಸಾಕಾಗಿತ್ತು. ಮಧ್ಯಾಹ್ನದ ಡಬ್ಬಿಯನ್ನು ಮೆಟ್ಟಿಲ ಕೆಳಗೆ ಒಬ್ಬಳೇ ಬಿಚ್ಚುತ್ತಿದ್ದಳು.

ಈ ವರ್ಷ ಐದನೇ ಕ್ಲಾಸಿಗೆ ಆಗಲೇ ಮೂವರು ಮಿಸ್‌ಗಳು ಆಗಿಹೋಗಿದ್ದರು. ನಾಲ್ಕನೆಯವಳು ಬರುವ ದಿನವೇ ಅಜ್ಜಿಗೆ ಜ್ವರ. ಮಲಗಿದಲ್ಲೇ ಚಡಪಡಿಸಿದಳು. ಹಿಂದೊಮ್ಮೆ ಅವಳು ಹೇಳುವುದು ತಡವಾಗಿ, ಆ ಹುಡುಗಿ ನಿಂತು ಓದುವಾಗ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡು, ಕ್ಲಾಸಿಗೆ ಕ್ಲಾಸೇ ನಕ್ಕುಬಿಟ್ಟಿತ್ತು. ಆ ಮಗು ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ.

ಮೂರನೆಯ ದಿನ ಲೋಟ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಮಾತು ಮುಗಿಸುವ ಮೊದಲೇ ಹೊಸ ಮಿಸ್ ಅಂದಳು:

"ಗೊತ್ತು ಅಜ್ಜಿ. ಮೊದಲ್ನೇ ದಿನ ಅವಳೇ ಬಂದು ಹೇಳಿದ್ಲು."

"ಅವಳೇನಾ? ತಾನಾಗೇ?" ಅಜ್ಜಿಗೆ ಹಿಡಿಸಲಾರದಷ್ಟು ಹಿಗ್ಗು.

"ಹೂಂ. ತುಂಬಾ ಹೊತ್ತು ತಗೊಂಡ್ಲು, ಆದ್ರೂ ಪೂರ್ತಿ ಹೇಳಿದ್ಲು. 'ಮಿಸ್, ನೀವು ಹೋಗೋವರೆಗೂ ನನ್ನ ನಿಲ್ಲಿಸಿ ಓದಿಸ್ಬೇಡಿ' ಅಂತ." ಮಿಸ್ ನಗಲು ನೋಡಿದಳು. "ನಾನು ಕ್ಲಾಸಿಗೆ ಬಂದು ಐದು ನಿಮಿಷಾನೂ ಆಗಿರ್ಲಿಲ್ಲ ಅಜ್ಜಿ."

ಅಜ್ಜಿಯ ಹಿಗ್ಗು ಜರ್ರೆಂದು ಇಳಿಯಿತು. ಹತ್ತೊಂಬತ್ತು ವರ್ಷದಲ್ಲಿ ಯಾವ ಟೀಚರನ್ನೂ ಕೇಳದ ಮಾತನ್ನು ಅಂದು ಕೇಳಿಬಿಟ್ಟಳು:

"ನೀವಾದ್ರೂ ಇರ್ತೀರಾ ತಾಯಿ?"

ಮಿಸ್ ಲೋಟ ತೆಗೆದುಕೊಂಡು ನೀರು ಕುಡಿದಳು. ಅಜ್ಜಿ ಖಾಲಿ ಲೋಟಕ್ಕಾಗಿ ಕಾದು ನಿಂತಳು. ಅದನ್ನು ಇಸಿದುಕೊಂಡು ಬೆಲ್ ಹೊಡೆಯಲು ಹೋದಳು.