ಕೊಳಲಿನವನು ಮಾಡಿದ ಚಿಲುಮೆ

ಕೊಳಲು ಮಾಡುವವನ ಬದುಕೆಲ್ಲ ಬಿದಿರಿಗೆ ತೂತು ಕೊರೆಯುವುದರಲ್ಲೇ ಕಳೆದಿತ್ತು. ಹನ್ನೆರಡನೇ ವಯಸ್ಸಲ್ಲಿ ಕಾದ ಸಲಾಕೆ ಹಿಡಿದವನು ನಲವತ್ತಾದರೂ ಕೆಳಗಿಟ್ಟಿರಲಿಲ್ಲ. ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿದ್ದವು. ಊರಿಗೆಲ್ಲ ಅವನ ಕೊಳಲು ಬೇಕು, ಮಾವನಿಗೆ ಮಾತ್ರ ಅವನ ಮುಖವೂ ಬೇಡ. ಮಗಳು ಈ 'ಪೀಪಿಯವನ' ಕೈ ಹಿಡಿದಳೆಂದು ಕಲ್ಲು ಒಡೆಯುವ ಆ ಮುದುಕ ಮಾತು ಬಿಟ್ಟು ಆರು ವರ್ಷವಾಗಿತ್ತು.

ಅಂಥವನು ಒಂದು ಬೆಳಿಗ್ಗೆ ಮೊಮ್ಮಗಳನ್ನು ನೋಡಲು ಬಂದೇಬಿಟ್ಟ. ಬಂದವನು ಒಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ಕೂತು, "ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ" ಎಂದು ಮಗಳಿಗೆ ಹೇಳಿ ಚೀಲಕ್ಕೆ ಕೈ ಹಾಕಿದರೆ, ಮಣ್ಣಿನ ಚಿಲುಮೆ ಮೂರು ಚೂರಾಗಿತ್ತು.

"ಹೋಯ್ತಲ್ಲ! ಇನ್ನು ನಾಲ್ಕರವರೆಗೆ ಎಲ್ಲಿ ಕಾಯೋದು, ಮಧ್ಯಾಹ್ನದ ಬಸ್ಸೇ ಗತಿ. ಹೊಗೆ ಇಲ್ಲದೆ ನನಗೆ ಹೊತ್ತು ಹೋಗಲ್ಲ."

ಹೆಂಡತಿ ಗಂಡನನ್ನು ಕಣ್ಣಲ್ಲೇ ತಿವಿದಳು.

"ತಡೀರಿ ಮಾವ, ನಾನು ಮಾಡಿಕೊಡ್ತೀನಿ."

"ನೀನಾ? ನಾನು ಸೇದೋದು ಹೊಗೆಸೊಪ್ಪು ಕಣಯ್ಯ, ರಾಗ ಅಲ್ಲ." ಆರು ವರ್ಷದ ಮೇಲೆ ಮಾವ ಅಳಿಯನಿಗೆ ಆಡಿದ ಮೊದಲ ಮಾತು ಇದು.

ಮಾವನಿಗೆ ಕೊಡುವುದಲ್ಲವೇ ಎಂದು ಅವನು ಇದ್ದುದರಲ್ಲೇ ಒಳ್ಳೆಯ ಬಿದಿರು ಆರಿಸಿದ. ಕಾಗದದಷ್ಟು ತೆಳು, ಮೂರು ವರ್ಷ ನೆರಳಲ್ಲಿ ಒಣಗಿದ್ದು. ಗಿಣ್ಣನ್ನೇ ತಳವಾಗಿ ಬಿಟ್ಟು ಬಟ್ಟಲು ಕೊಯ್ದ, ಪಕ್ಕದಲ್ಲಿ ತೂತಿಟ್ಟು ಸಣ್ಣ ಕೊಳವೆ ಸಿಕ್ಕಿಸಿದ. ಮಾವ ಕಡ್ಡಿ ಗೀರಿ ಎರಡು ದಮ್ಮು ಎಳೆದ. ಮೂರನೆಯದಕ್ಕೆ ಬಟ್ಟಲೇ ಹೊತ್ತಿಕೊಂಡಿತು, ಜೊತೆಗೆ ಅರ್ಧ ಮೀಸೆಯೂ.

"ಅಯ್ಯಯ್ಯೋ, ಚಿಲುಮೆನೇ ಸೇದಿಬಿಟ್ಟೆನಲ್ಲೋ!" ಮುದುಕ ಚೀಲ ಹೆಗಲಿಗೇರಿಸಿದ.

ಕೊಳಲಿನವನಿಗೆ ಆಗ ಹೊಳೆಯಿತು. ನಾದಕ್ಕೆ ತೆಳುವಾದದ್ದು ಬೇಕು, ಬೆಂಕಿಗೆ ದಪ್ಪನೆಯದು. ಇಪ್ಪತ್ತು ವರ್ಷ ಬೆಣೆ ಬಡಿದರೂ ಸೀಳದ ಕೊಡತಿ ಪಕ್ಕದಲ್ಲೇ ಬಿದ್ದಿತ್ತು. ಬಿದಿರಿನ ಬುಡದ ಗಟ್ಟಿ ಗೆಡ್ಡೆಯಿಂದ ಮಾಡಿದ ಸುತ್ತಿಗೆ ಅದು.

"ಅದು ನಿಮ್ಮಪ್ಪನ ಕಾಲದ್ದು ಕಣ್ರೀ!" ಎಂದಳು ಹೆಂಡತಿ, ಗರಗಸ ಆಡುವುದನ್ನು ಕಂಡು.

"ಇರಲಿ ಬಿಡೇ. ಇನ್ನೊಂದು ಮಾಡಿಕೊಂಡರಾಯ್ತು."

ಗೆಡ್ಡೆ ಕೊರೆಯುವುದೆಂದರೆ ಸುಮ್ಮನೆಯೇ? ಸಲಾಕೆ ಕಾಯಿಸಿ ಒತ್ತಿದರೆ ಹೊಗೆಯೆದ್ದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಹೊರಡಲು ನಿಂತಿದ್ದ ಮಾವ ಬಾಗಿಲಲ್ಲೇ ನೋಡಿದ, ನೋಡಿದ, ತಡೆಯಲಾಗಲಿಲ್ಲ.

"ಥೂ, ಹಾಗೆ ತಿವಿದರೆ ಬರುತ್ತೇನಯ್ಯ? ಕಲ್ಲಿಗೆ ಉಳಿ ಹಾಕುವಾಗ ನಾವು ಏಟಿಗೊಂದು ಸಲ ತಿರುಗಿಸ್ತೀವಿ. ಕೊಡಿಲ್ಲಿ!"

ಹೊಸ್ತಿಲು ದಾಟಿದ್ದು ಅವನ ಗಮನಕ್ಕೇ ಬರಲಿಲ್ಲ. ಒಬ್ಬ ಗೆಡ್ಡೆ ಹಿಡಿದ, ಒಬ್ಬ ಸಲಾಕೆ ತಿರುಗಿಸಿದ. ಮಧ್ಯಾಹ್ನದ ಬಸ್ಸು ಹೋಯಿತು. ಊಟವೂ ಅಲ್ಲೇ ಮುಗಿಯಿತು. ಮೊಮ್ಮಗಳು ತಾತನ ತೊಡೆಯೇರಿ ಅರ್ಧ ಮೀಸೆ ಎಳೆದು ನಕ್ಕಳು. ಕೊನೆಗೆ ಬಟ್ಟಲು ಬಾಯಿ ತೆರೆಯಿತು. ಅಳಿಯ ಒಳಗೆಲ್ಲ ಎಣ್ಣೆ ಸವರಿದ.

ಮಾವ ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿದ. "ಕೊಡು, ಹಚ್ಚೋಣ."

"ಈಗಲೇ ಬೇಡ ಮಾವ. ಎಣ್ಣೆ ಹೀರಬೇಕು. ಬೆಳಿಗ್ಗೆವರೆಗೂ ಕಾಯಬೇಕು."

ತಿರುವಿನಲ್ಲಿ ನಾಲ್ಕು ಗಂಟೆ ಬಸ್ಸು ಹಾರ್ನ್ ಹೊಡೆಯಿತು. ಮುದುಕ ಚಿಲುಮೆ ನೋಡಿದ, ಅಳಿಯನ ಸುಟ್ಟ ಬೆರಳು ನೋಡಿದ, ಪೊಟ್ಟಣ ಮಡಿಚಿ ಜೇಬಿಗಿಟ್ಟ.

"ಏನಮ್ಮ," ಎಂದ ಮಗಳ ಕಡೆ ತಿರುಗಿ, "ಈ ನಿನ್ನ ಪೀಪಿಯವನು ನನ್ನನ್ನು ಬಿಡೋ ಹಾಗೆ ಕಾಣಲ್ಲ. ಹಾಸಿಗೆ ಎಲ್ಲಿ ಹಾಸ್ತೀಯ?"